ಐವತ್ತೊಂಬತ್ತು ಪಾಲು ಕಾರು

ಪಿಯಾಚೆಂಜಾ ನಗರದ ಕೊರ್ದಾಯಿ ಬೀದಿಯ ಹದಿನಾಲ್ಕನೇ ನಂಬರಿನ ಕಟ್ಟಡಕ್ಕೆ ಒಂದು ನಿಯಮಾವಳಿ ಇದೆ. ಎಲ್ಲರಿಗೂ ಸೇರಿದ ಆಸ್ತಿಯನ್ನು ಮುಟ್ಟುವ ಯಾವುದೇ ವಿಷಯವನ್ನು ಮನೆಮಾಲೀಕರ ಸಭೆಯೇ ತೀರ್ಮಾನಿಸಬೇಕು ಎಂದು ಅದರ ಮೂವತ್ತೊಂದನೇ ಕಲಮು ಹೇಳುತ್ತದೆ. ಗೆತ್ಸಿ ದಂಪತಿ ಆಗಸ್ಟ್ ರಜೆಗೆ ಕಾರಿನಲ್ಲಿ ಹೋಗಬೇಕೋ ರೈಲಿನಲ್ಲಿ ಹೋಗಬೇಕೋ ಎಂಬುದು ಅಂಥ ವಿಷಯವೆಂದು ಜುಲೈ ಎರಡರಂದು ಗೊತ್ತಾಯಿತು.

ಅದಕ್ಕೆ ಮೊದಲು ಅದು ಗಂಡ ಹೆಂಡಿರ ವಿಷಯವಾಗಿತ್ತು. ಒತ್ತಾವಿಯೊ ಗೆತ್ಸಿ ನಿವೃತ್ತ ಸರ್ವೇಯರು. ಕಾರಿನಲ್ಲೇ ಹೋಗಬೇಕೆಂಬುದು ಅವನ ಮತ. ರೈಲನ್ನು ಬೇರೆ ಯಾರೋ ಓಡಿಸುತ್ತಾರೆ, ಅದು ಅವನಿಗೆ ಸರಿಬೀಳುವುದಿಲ್ಲ. ಅಂಚೆ ಕಚೇರಿಯ ಕೌಂಟರಿನಲ್ಲಿ ಮೂವತ್ತನಾಲ್ಕು ವರ್ಷ ಕೂತು ನಿವೃತ್ತಳಾದ ಅವನ ಹೆಂಡತಿ ಅರ್ಮಿದಾಳದು ರೈಲಿನ ಪಕ್ಷ. ಹಿಂದೊಮ್ಮೆ ಕಾರಿನಲ್ಲಿ ಹೋದಾಗ ಒತ್ತಾವಿಯೊ ದಾರಿ ಕೇಳಲು ಒಪ್ಪದೆ, ಹೊರಗಿನ ವಾಹನಗಳಿಗೆ ಪ್ರವೇಶವಿಲ್ಲದ ಹಳೇ ಪೇಟೆಯೊಳಗೆ ಏಳು ಸಲ ನುಗ್ಗಿದ್ದ. ಅಲ್ಲಿನ ಕ್ಯಾಮೆರಾ ಏಳು ಸಲವೂ ಚಿತ್ರ ತೆಗೆದು ಅಂಚೆಯಲ್ಲಿ ಕಳಿಸಿತು. ಆ ರಜೆಯಲ್ಲಿ ಬೇರೆ ಯಾರೂ ಫೋಟೊ ತೆಗೆಯದಿದ್ದರಿಂದ ಅರ್ಮಿದಾ ಏಳನ್ನೂ ಆಲ್ಬಮಿನಲ್ಲಿ ಅಂಟಿಸಿಟ್ಟಿದ್ದಾಳೆ. ಏಳರಲ್ಲೂ ಇಬ್ಬರೂ ಒಂದೊಂದು ದಿಕ್ಕು ನೋಡುತ್ತಿದ್ದಾರೆ.

ಆಮೇಲಿನ ಮೂರು ಆಗಸ್ಟುಗಳಲ್ಲಿ ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು, ಇಬ್ಬರೂ ಮನೆಯಲ್ಲೇ ಉಳಿದರು. ಈ ಸಲ ಹಾಗಾಗುವಂತಿರಲಿಲ್ಲ. ಎಂಟುನೂರು ಕಿಲೋಮೀಟರು ದಕ್ಷಿಣಕ್ಕೆ, ಸಮುದ್ರದಂಚಿನ ತೊರ್ರೆ ಸಬೆಲ್ಲಾ ಎಂಬ ಊರಿನಲ್ಲಿ ಅರ್ಮಿದಾಳ ಅಕ್ಕ ಲಿದಿಯಾ ಇದ್ದಾಳೆ. ಆಗಸ್ಟ್ ಹದಿನೈದಕ್ಕೆ ಅವಳಿಗೆ ಎಪ್ಪತ್ತು ತುಂಬುತ್ತಿತ್ತು.

"ಎಪ್ಪತ್ತು ಒಂದೇ ಸಲ ತುಂಬೋದು ಕಣೇ," ಎಂದು ಲಿದಿಯಾ ಫೋನಿನಲ್ಲಿ ಹೇಳಿದ್ದಳು. "ನಡ್ಕೊಂಡಾದ್ರೂ ಬಾ. ಈಗ್ಲೇ ಹೊರಟ್ರೆ ಸರಿಹೋಗುತ್ತೆ."

ಜುಲೈ ಎರಡರ ಸಂಜೆ ದಂಪತಿ ಈ ಚರ್ಚೆಯನ್ನು ಮೆಟ್ಟಿಲ ಮೇಲೆ ಮಾಡಿದ್ದು ತಪ್ಪಾಯಿತು. ಮೂರನೇ ಮಹಡಿಯ ಔಷಧ ವ್ಯಾಪಾರಿ ಮಾಲ್ವಿಚೀನಿ ಕೇಳಿಸಿಕೊಂಡ. ಅಂಗಳದ ಲಿಂಡನ್ ಮರದಡಿ ಗೆತ್ಸಿಯವರ ಕಾರು ನಿಲ್ಲುತ್ತದೆ, ಅದರ ಪಕ್ಕದಲ್ಲಿ ಮಾಲ್ವಿಚೀನಿಯದು. ಮರದ ಪಾರಿವಾಳಗಳು ಇಷ್ಟು ವರ್ಷ ಮಾಡಬೇಕಾದುದನ್ನೆಲ್ಲ ಗೆತ್ಸಿಯವರ ಕಾರಿನ ಮೇಲೇ ಮಾಡಿಕೊಂಡು ಬಂದಿವೆ. ಆ ಕಾರು ಹೋದರೆ ಅವು ಎಲ್ಲಿಗೆ ಬರುತ್ತವೆ ಎಂಬುದು ಮಾಲ್ವಿಚೀನಿಗೆ ಗೊತ್ತಿತ್ತು. ರೈಲು ಪರಿಸರಕ್ಕೆ ಒಳ್ಳೆಯದೆಂದು ಅವನು ಅಲ್ಲೇ ನಿಂತು ಭಾಷಣ ಮಾಡಿದ. ನೆಲಮಹಡಿಯ ವಿಧವೆ ದೆಲ್ಫೀನಾ ಬಾಗಿಲು ತೆರೆದಳು. ಆ ಜಾಗ ಖಾಲಿಯಾದರೆ ಮೊಮ್ಮಕ್ಕಳಿಗೆ ಗಾಳಿ ತುಂಬುವ ಈಜುಕೊಳ ಹಾಕಬೇಕೆಂದು ಅವಳು ಮೂರು ವರ್ಷದಿಂದ ಕಾದಿದ್ದಳು. ಕಾರಿನಷ್ಟು ಸ್ವಾತಂತ್ರ್ಯ ಬೇರೆ ಯಾವುದರಲ್ಲಿದೆ ಎಂದು ಅವಳು ಕೇಳಿದಳು. ಅಂಗಳ ಎಲ್ಲರಿಗೂ ಸೇರಿದ್ದಾದ್ದರಿಂದ ವಿಷಯ ಮೂವತ್ತೊಂದನೇ ಕಲಮಿನ ಕೆಳಗೆ ಬಂತು.

ಕಟ್ಟಡದ ಆಡಳಿತಗಾರ ತ್ರೆಸ್ಪಿದಿ ಸೂಚನೆ ಹೊರಡಿಸಿದ. ಅವನಿಗೆ ಪದವಿ ಇರಲಿಲ್ಲ, ಆದರೂ ಎಲ್ಲರೂ ಪದವೀಧರರನ್ನು ಕರೆಯುವ ಹಾಗೆ ದೊತ್ತೋರೆ ಎಂದೇ ಕರೆಯುತ್ತಿದ್ದರು. ಇಲ್ಲದಿದ್ದರೆ ಅವನು ತಿರುಗಿ ನೋಡುತ್ತಿರಲಿಲ್ಲ.

"ಕಾರ್ಯಸೂಚಿ: ಒಂದು, ಮೆಟ್ಟಿಲಿನ ದೀಪ. ಎರಡು, ಸೂರಿನ ನೀರಿನ ಕೊಳವೆ. ಮೂರು, ಗೆತ್ಸಿ ದಂಪತಿಯ ಪ್ರಯಾಣ. ಮೊದಲ ಸಭೆ ಜುಲೈ ಹನ್ನೊಂದರಂದು ಬೆಳಿಗ್ಗೆ ಆರು ಗಂಟೆಗೆ. ಅದು ವಿಫಲವಾದಲ್ಲಿ ಎರಡನೇ ಸಭೆ ಜುಲೈ ಹನ್ನೆರಡರಂದು ಸಂಜೆ ಆರು ಗಂಟೆಗೆ."

ಮೊದಲ ಸಭೆ ಇರುವುದು ಬಾರದಿರುವುದಕ್ಕೆ. ಅದಕ್ಕೆ ಕಟ್ಟಡದ ಒಡೆತನದ ಸಾವಿರ ಪಾಲಿನಲ್ಲಿ ಆರುನೂರ ಅರವತ್ತೇಳು ಪಾಲು ಹಾಜರಿರಬೇಕು, ಎರಡನೆಯದಕ್ಕೆ ಅದರ ಅರ್ಧ ಸಾಕು. ಆದ್ದರಿಂದ ಜನ ಎರಡನೆಯದಕ್ಕೆ ಬರುತ್ತಾರೆ. ಆದರೆ ಮೊದಲನೆಯದು ವಿಫಲವಾಗದೆ ಎರಡನೆಯದನ್ನು ನಡೆಸಲು ಕಾನೂನು ಬಿಡುವುದಿಲ್ಲ. ಹೀಗಾಗಿ ಇಡೀ ದೇಶದಲ್ಲಿ ಅದನ್ನು ಯಾರೂ ಬರಲಾರದ ಹೊತ್ತಿಗೆ ಇಡುತ್ತಾರೆ. "ಆಡಳಿತಗಾರರು ಒಂದು ಗಂಟೆ ಕಾದರು, ಯಾರೂ ಬರಲಿಲ್ಲ" ಎಂಬ ನಡಾವಳಿಯನ್ನು ತ್ರೆಸ್ಪಿದಿ ಇನ್ನೂರು ಪ್ರತಿ ಅಚ್ಚು ಹಾಕಿಸಿಟ್ಟಿದ್ದ. ಇಪ್ಪತ್ತೆರಡು ವರ್ಷಗಳಿಂದ ಬೆಳಿಗ್ಗೆ ಆರಕ್ಕೆ ಅವನು ತನ್ನ ಮನೆಯಲ್ಲಿ ನಿದ್ದೆ ಮಾಡುತ್ತಾ ಇಲ್ಲಿ ಕಾಯುತ್ತಿದ್ದಾನೆ.

ಜುಲೈ ಹನ್ನೆರಡರ ಸಂಜೆ ಎಂಟೂ ಮನೆಯವರು ಮೆಟ್ಟಿಲ ಕೆಳಗೆ ಕುರ್ಚಿ ಹಾಕಿಕೊಂಡು ಕೂತರು. ಕಟ್ಟಡವನ್ನು ಸಾವಿರ ಪಾಲಾಗಿ ಹಂಚಲಾಗಿದೆ. ಮನೆ ದೊಡ್ಡದಾದಷ್ಟೂ ಪಾಲು ಹೆಚ್ಚು, ಪಾಲು ಹೆಚ್ಚಾದಷ್ಟೂ ಮತ ಭಾರ. ದೀಪ ಮತ್ತು ಕೊಳವೆಯನ್ನು ಮುಂದೂಡಿ ನೇರ ಪ್ರಯಾಣಕ್ಕೆ ಬಂದರು. ಮಾಲ್ವಿಚೀನಿಯ ಕಡೆ ರೈಲಿಗೆ ನಾನೂರ ನಲವತ್ತೊಂದು ಪಾಲು. ದೆಲ್ಫೀನಾಳ ಕಡೆ ಕಾರಿಗೆ ನಾನೂರ ನಲವತ್ತೊಂದು ಪಾಲು. ಉಳಿದ ನೂರ ಹದಿನೆಂಟು ಗೆತ್ಸಿಯವರದು. ಗಂಡ ಹೆಂಡತಿ ಒಮ್ಮತಕ್ಕೆ ಬರದಿದ್ದರಿಂದ ತ್ರೆಸ್ಪಿದಿ ಅದನ್ನು ಸೀಳಿ, ಅತ್ತ ಐವತ್ತೊಂಬತ್ತು ಇತ್ತ ಐವತ್ತೊಂಬತ್ತು ಎಂದು ಬರೆದುಕೊಂಡ.

"ಐನೂರು, ಐನೂರು," ಎಂದ ತ್ರೆಸ್ಪಿದಿ. "ಬಹಳ ಆರೋಗ್ಯಕರ ಚರ್ಚೆ."

"ಹಾಗಾದ್ರೆ ನಾವು ಹೇಗೆ ಹೋಗೋದು, ದೊತ್ತೋರೆ?" ಎಂದು ಅರ್ಮಿದಾ ಕೇಳಿದಳು.

"ಹೋಗೋದು ಕಾರ್ಯಸೂಚಿಯಲ್ಲಿಲ್ಲ, ಸಿನ್ಯೋರಾ. ಹೇಗೆ ಅನ್ನೋದು ಮಾತ್ರ ಇದೆ."

ತಾಂತ್ರಿಕ ಸಮಿತಿಯೊಂದನ್ನು ನೇಮಿಸಲಾಯಿತು. ನಿಷ್ಪಕ್ಷಪಾತವಾಗಿರಲೆಂದು ಮಾಲ್ವಿಚೀನಿ ಮತ್ತು ದೆಲ್ಫೀನಾರನ್ನೇ ಸದಸ್ಯರನ್ನಾಗಿ ಮಾಡಿದರು. ಸಮಿತಿ ಸ್ಥಳ ಪರಿಶೀಲನೆಗಾಗಿ ಒಂದು ದಿನ ರೈಲು ನಿಲ್ದಾಣದ ಹೋಟೆಲಿನಲ್ಲೂ ಒಂದು ದಿನ ಹೆದ್ದಾರಿಯ ಹೋಟೆಲಿನಲ್ಲೂ ಊಟ ಮಾಡಿತು. ಜುಲೈ ಇಪ್ಪತ್ತಾರರ ಸಭೆಯಲ್ಲಿ ವರದಿ ಓದಲಾಯಿತು.

"ಕಾರು: ಎಂಟು ಗಂಟೆ. ದೇಶವೆಲ್ಲ ಒಟ್ಟಿಗೆ ಹೊರಡುವುದರಿಂದ ಕಪ್ಪು ದಿನವೆಂದು ಸಾರಲಾದ ದಿನಗಳಲ್ಲಿ ಹದಿನಾಲ್ಕು ಗಂಟೆ. ರೈಲು: ಏಳು ಗಂಟೆ. ಮುಷ್ಕರವಿದ್ದಲ್ಲಿ ಅಳೆಯಲಾಗದು. ಹೆದ್ದಾರಿಯ ಹಂದಿಮಾಂಸದ ರೊಟ್ಟಿ ಬಿಸಿಯಾಗಿರುತ್ತದೆ, ನಿಲ್ದಾಣದ್ದು ಇರುವುದಿಲ್ಲ, ಆದರೆ ಅಲ್ಲಿ ಕಾಫಿ ಉತ್ತಮ. ಎರಡೂ ಸಾಧನಗಳ ದೋಷಗಳು ಪ್ರಯಾಣ ಮಾಡಿದಾಗ ಮಾತ್ರ ಕಾಣಿಸಿಕೊಳ್ಳುತ್ತವೆ ಎಂದು ಸಮಿತಿ ಗಮನಿಸಿದೆ."

ಸಭೆ ಚಪ್ಪಾಳೆ ತಟ್ಟಿತು. ಮತಕ್ಕೆ ಹಾಕಿದಾಗ ಮತ್ತೆ ಐನೂರು, ಐನೂರು. ಮುಂದಿನ ಮೊದಲ ಸಭೆಯನ್ನು ಆಗಸ್ಟ್ ಹನ್ನೆರಡರ ಬೆಳಿಗ್ಗೆ ಆರಕ್ಕೆ, ಎರಡನೆಯದನ್ನು ಹದಿಮೂರರ ಸಂಜೆ ಆರಕ್ಕೆ ನಿಗದಿ ಮಾಡಲಾಯಿತು. ಆ ಹೊತ್ತಿಗೆ ಕಟ್ಟಡದಲ್ಲಿ ಗೆತ್ಸಿಯವರ ಹೊರತು ಒಬ್ಬರೂ ಇರುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು, ಯಾರೂ ಹೇಳಲಿಲ್ಲ.

ಒತ್ತಾವಿಯೊ ಮನೆಗೆ ಬಂದು ಟೈ ಬಿಚ್ಚಿದ. ಮೊಹರು ಬಿದ್ದ ಕಾಗದಕ್ಕೆ ಅವನು ಜೀವನದಲ್ಲಿ ಒಮ್ಮೆಯೂ ಎದುರು ನಡೆದವನಲ್ಲ.

"ಏನ್ಮಾಡೋದು, ಸಭೆ ತೀರ್ಮಾನಿಸ್ಲಿಲ್ಲ," ಎಂದ.

"ನಮ್ಮಕ್ಕನಿಗೆ ಏನಂತ ಹೇಳ್ಲಿ?"

"ಹಾಗೇ ಹೇಳು. ಸೀಲು ಹಾಕಿದ ಪ್ರತಿ ಕಳ್ಸು."

ಅರ್ಮಿದಾ ಆಲ್ಬಮ್ ತೆಗೆದು ಏಳು ಚಿತ್ರ ನೋಡಿದಳು. ಆಮೇಲೆ ನಿಯಮಾವಳಿ ತೆಗೆದು ಮೊದಲ ಪುಟದಿಂದ ಓದಲು ಕೂತಳು. ಇಪ್ಪತ್ತೆರಡು ವರ್ಷಗಳಲ್ಲಿ ಅದನ್ನು ಹಾಗೆ ಓದಿದವರು ಬೇರೆ ಯಾರೂ ಇರಲಿಲ್ಲ.

ಆಗಸ್ಟ್ ಮೊದಲ ವಾರ ಕಟ್ಟಡ ಖಾಲಿಯಾಯಿತು. ಪರಿಸರದ ಬಗ್ಗೆ ಅಷ್ಟು ಮಾತಾಡಿದ್ದ ಮಾಲ್ವಿಚೀನಿ, ಕಪ್ಪು ದಿನಕ್ಕೆ ಹೆದರಿ ಕಾರು ಬಿಟ್ಟು, ರೈಲಿನಲ್ಲಿ ಬೆಟ್ಟಕ್ಕೆ ಹೋದ. ದೆಲ್ಫೀನಾ ಮಗನ ಕಾರಿನಲ್ಲಿ ಸರೋವರದ ಕಡೆ ಹೋದಳು. ಯಾರೂ ಯಾರನ್ನೂ ಕೇಳಲಿಲ್ಲ. ಹೋಗುವ ಮುನ್ನ ಪ್ರತಿಯೊಬ್ಬರೂ ವಾಡಿಕೆಯಂತೆ ಊರಲ್ಲೇ ಉಳಿಯುವವರ ಮನೆಗೆ, ಅಂದರೆ ಅರ್ಮಿದಾಳಲ್ಲಿಗೆ, ಬೀಗದ ಕೈ ತಂದುಕೊಟ್ಟು, ಕಾಮಕಸ್ತೂರಿ ಕುಂಡಕ್ಕೆ ನೀರು ಹಾಕಬೇಕೆಂದು ಹೇಳಿದರು. ಅರ್ಮಿದಾ ಬೀಗದ ಕೈ ತೆಗೆದುಕೊಂಡು ಒಂದು ಕಾಗದ ಮುಂದಿಟ್ಟಳು.

"ಇದೇನು?" ಎಂದು ಮಾಲ್ವಿಚೀನಿ ಕೇಳಿದ.

"ಸಭೆಗೆ ನಿಮ್ಮ ಪರವಾಗಿ ಹೋಗೋ ಅಧಿಕಾರಪತ್ರ. ಯಾರೂ ಇಲ್ಲ ಅಂತಾಗ್ಬಾರ್ದಲ್ಲ."

"ಎರಡನೇ ಸಭೆಗೇನಾದ್ರೂ ಹೋಗ್ತೀರಾ?"

"ಖಂಡಿತ ಇಲ್ಲ."

ಅದು ಅವನಿಗೆ ಸಮಾಧಾನ ತಂದಿತು. ಅವಳು ಬೆರಳಿಟ್ಟಲ್ಲಿ ಸಹಿ ಹಾಕಿದ. ಬೆರಳಿಟ್ಟ ಕಡೆ ಜನ ಸಹಿ ಹಾಕುತ್ತಾರೆ, ಮೇಲಿನದನ್ನು ಓದುವುದಿಲ್ಲ. ಇದನ್ನು ಮೂವತ್ತನಾಲ್ಕು ವರ್ಷ ಕೌಂಟರಿನಲ್ಲಿ ಕೂತವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಏಳು ಮನೆ, ಏಳು ಸಹಿ, ಎಂಟುನೂರ ಎಂಬತ್ತೆರಡು ಪಾಲು.

ಆಗಸ್ಟ್ ಹನ್ನೆರಡರ ಬೆಳಿಗ್ಗೆ ಆರಕ್ಕೆ ಅರ್ಮಿದಾ ಒಳ್ಳೆಯ ಬಟ್ಟೆ ಹಾಕಿಕೊಂಡು, ಒಂದು ಕುರ್ಚಿ ಹಿಡಿದು ಮೆಟ್ಟಿಲಿಳಿದಳು. ಒತ್ತಾವಿಯೊ ಮಲಗಿದ್ದ. ಆಡಳಿತಗಾರರು ಬಾರದಿದ್ದರೆ ಹಾಜರಿರುವವರೇ ಅಧ್ಯಕ್ಷರನ್ನು ಆರಿಸಿಕೊಳ್ಳಬಹುದು ಎಂದು ಹತ್ತನೇ ಕಲಮು ಹೇಳುತ್ತದೆ. ಅವಳು ತನ್ನನ್ನು ಆರಿಸಿಕೊಂಡಳು. ಹಾಜರಿ ಒಂಬೈನೂರ ನಲವತ್ತೊಂದು ಪಾಲು. ವಿರೋಧವಾಗಿ ಮಾತಾಡಲು ಯಾರಾದರೂ ಇದ್ದಾರೆಯೇ ಎಂದು ಕೇಳಿದಳು. ಅಂಗಳದಲ್ಲಿ ಪಾರಿವಾಳವೊಂದು ಸದ್ದು ಮಾಡಿತು, ಅದಕ್ಕೆ ಪಾಲಿರಲಿಲ್ಲ. ನಿಯಮದಂತೆ ಒಂದು ಗಂಟೆ ಕೂತು, ಏಳಕ್ಕೆ ನಿರ್ಣಯ ಬರೆದು, ಕುರ್ಚಿ ಎತ್ತಿಕೊಂಡು ಮೇಲೆ ಹೋದಳು.

ಹದಿಮೂರರ ಸಂಜೆ ತ್ರೆಸ್ಪಿದಿ ಅಚ್ಚಾದ ನಡಾವಳಿ ಹಿಡಿದು ಬಂದ. ಅರ್ಮಿದಾ ಮೆಟ್ಟಿಲಲ್ಲೇ ನಿಂತು ತನ್ನದನ್ನು ಕೊಟ್ಟಳು. ಅವನು ಎರಡು ಸಲ ಓದಿದ.

"ಸಿನ್ಯೋರಾ, ಮೊದಲ ಸಭೆಗೆ ಯಾರೂ ಬರೋದಿಲ್ಲ."

"ನಾನು ಬಂದಿದ್ದೆ, ದೊತ್ತೋರೆ."

"ಅದು ಬರೋ ಸಭೆಯಲ್ಲ."

"ಸೂಚನೆಯಲ್ಲಿ ಹಾಗಂತ ಬರೆದಿರ್ಲಿಲ್ಲ."

ತ್ರೆಸ್ಪಿದಿ ತನ್ನ ಕಾಗದ ತೋರಿಸಿದ. "ನೋಡಿ, ನಾನು ಒಂದು ಗಂಟೆ ಕಾದೆ, ಯಾರೂ ಬರ್ಲಿಲ್ಲ ಅಂತ ಇಲ್ಲಿ ಅಚ್ಚಾಗಿದೆ."

"ಒಂದು ಗಂಟೆ ಕಾದಿದ್ರೆ ನನ್ನನ್ನ ನೋಡಿರ್ಬೇಕು."

ತ್ರೆಸ್ಪಿದಿ ಸ್ವಲ್ಪ ಹೊತ್ತು ಯೋಚಿಸಿದ. ನೋಡಿದ್ದರೆ ಸಭೆ ನಡೆದಿದೆ. ನೋಡಿಲ್ಲದಿದ್ದರೆ ಅವನು ಕಾದಿಲ್ಲ. ನಿನ್ನೆ ಕಾದಿಲ್ಲವೆಂದರೆ ಇಪ್ಪತ್ತೆರಡು ವರ್ಷವೂ ಕಾದಿಲ್ಲ. ಇಪ್ಪತ್ತೆರಡು ವರ್ಷದ ಎರಡನೇ ಸಭೆಗಳೆಲ್ಲ ನಡೆದೇ ಇಲ್ಲ. ಮೆಟ್ಟಿಲು, ಸೂರು, ತನ್ನ ನೇಮಕ, ಎಲ್ಲವೂ ಆ ಸಭೆಗಳಲ್ಲಿ ಆಗಿದ್ದು.

"ಈಗ ನೆನಪಾಯ್ತು," ಎಂದ. "ನೀಲಿ ಬಟ್ಟೆ ಹಾಕಿದ್ರಿ."

"ಹಸಿರು."

"ಹಸಿರು," ಎಂದು ಒಪ್ಪಿ ಮೊಹರು ಒತ್ತಿದ.

ಫಲಕಕ್ಕೆ ಅಂಟಿಸಿದ ನಿರ್ಣಯವನ್ನು ಒತ್ತಾವಿಯೊ ಕನ್ನಡಕ ಹಾಕಿ, ಮೊಹರಿನ ಅಂಚನ್ನೂ ಬಿಡದೆ ಓದಿದ. ಅವನ ಮುಖದಲ್ಲಿ ಸೋತ ಲಕ್ಷಣವಿರಲಿಲ್ಲ. ಹೆಂಡತಿ ಹೇಳಿದ್ದರೆ ಸೋಲು. ಸಭೆ ಹೇಳಿದರೆ ಕಾನೂನು.

"ಸರಿಯಾಗೇ ಇದೆ," ಎಂದ. "ಆದ್ರೆ ನನ್ನ ಐವತ್ತೊಂಬತ್ತು ಎಲ್ಲಿ ಹೋಯ್ತು?"

ಅರ್ಮಿದಾ ಎರಡನೇ ಪರಿಚ್ಛೇದ ತೋರಿಸಿದಳು. "ಅಲ್ಪಮತವನ್ನು ಗೌರವಿಸುವ ಸಲುವಾಗಿ, ತೊರ್ರೆ ಸಬೆಲ್ಲಾಗೆ ಹೋಗುವ ಪ್ರಯಾಣದ ಸಾವಿರದಲ್ಲಿ ಒಂಬೈನೂರ ನಲವತ್ತೊಂದು ಪಾಲು ರೈಲಿನಲ್ಲಿ, ಐವತ್ತೊಂಬತ್ತು ಪಾಲು ಕಾರಿನಲ್ಲಿ ನಡೆಯತಕ್ಕದ್ದು. ಪರಿಚ್ಛೇದ ಮೂರು: ಕುಂಡಗಳಿಗೆ ನೀರು ಹಾಕುವುದು ಆಡಳಿತಗಾರರ ಹೊಣೆ."

ಒತ್ತಾವಿಯೊ ಲೆಕ್ಕ ಹಾಕಿದ. ನಲವತ್ತೇಳು ಕಿಲೋಮೀಟರು, ಇನ್ನೂರು ಮೀಟರು.

ಹದಿನಾಲ್ಕರ ಬೆಳಿಗ್ಗೆ ಇಬ್ಬರೂ ಕಾರಿನಲ್ಲಿ ಹೊರಟರು. ಫಿದೆಂಜಾ ರೈಲು ನಿಲ್ದಾಣ ಮೂವತ್ತೆಂಟು ಕಿಲೋಮೀಟರಿಗೇ ಬಂದುಬಿಟ್ಟಿತು. ಒತ್ತಾವಿಯೊ ನಿಲ್ಲಿಸಲಿಲ್ಲ. ನಿಲ್ದಾಣದ ಸುತ್ತಲಿನ ರಸ್ತೆ ಎಂಟುನೂರು ಮೀಟರು. ಹನ್ನೊಂದೂವರೆ ಸುತ್ತು ಹಾಕಬೇಕಿತ್ತು. ನಾಲ್ಕನೇ ಸುತ್ತಿನಲ್ಲಿ ಹೂವಿನಂಗಡಿಯವನು ಕೈ ಬೀಸತೊಡಗಿದ, ಅರ್ಮಿದಾ ಪ್ರತಿ ಸಲವೂ ಬೀಸಿದಳು. ಕೊನೆಯ ಅರ್ಧ ಸುತ್ತು ನಿಲ್ದಾಣದ ಹಿಂಭಾಗದಲ್ಲಿ ಮುಗಿದದ್ದರಿಂದ ಅಲ್ಲೇ ಕಾರು ಬಿಟ್ಟು ಪೆಟ್ಟಿಗೆಗಳನ್ನು ಎಳೆದುಕೊಂಡು ಮುಂಭಾಗಕ್ಕೆ ನಡೆದರು. ನಡಿಗೆಯ ಬಗ್ಗೆ ನಿರ್ಣಯದಲ್ಲಿ ಏನೂ ಇರಲಿಲ್ಲ, ಒತ್ತಾವಿಯೊ ಅದನ್ನು ಗಮನಕ್ಕೆ ತಂದ. ರೈಲಿನಲ್ಲಿ ಕಿಟಕಿ ಪಕ್ಕ ಕೂತು, ಹೆದ್ದಾರಿಯಲ್ಲಿ ನಿಂತ ಕಾರುಗಳನ್ನು ಎಣಿಸುತ್ತಾ ಹೋದ.

ಸಂಜೆ ಲಿದಿಯಾ ಬಾಗಿಲು ತೆರೆದಳು. ನಾಲ್ಕು ವರ್ಷದ ಮೇಲೆ ಕಂಡ ತಂಗಿಯನ್ನು ಅವಳು ಕೈಹಿಡಿದು ಒಳಗೆ ಎಳೆದುಕೊಂಡಳು.

"ಅಂತೂ ಬಂದ್ಯಲ್ಲ. ಯಾವುದ್ರಲ್ಲಿ? ಕಾರೋ ರೈಲೋ?"

"ಬಹುಮತದಲ್ಲಿ," ಎಂದಳು ಅರ್ಮಿದಾ.

ಎಪ್ಪತ್ತು ತುಂಬಿತು. ಊಟಕ್ಕೆ ಹದಿನೆಂಟು ಜನ ಬಂದಿದ್ದರು. ಇಪ್ಪತ್ತರಂದು ಒತ್ತಾವಿಯೊ ಮಡಿಸಿಟ್ಟ ನಿರ್ಣಯ ತೆಗೆದು, ವಾಪಸು ಹೋಗುವ ಸಿದ್ಧತೆ ಮಾಡಲು ಓದಿದ. ಇನ್ನೊಮ್ಮೆ ಓದಿದ.

"ಅರ್ಮಿದಾ, ಇದ್ರಲ್ಲಿ ಹೋಗೋದು ಮಾತ್ರ ಇದೆ. ಬರೋದು ಇಲ್ಲ."

"ಹೌದಾ?" ಎಂದಳು ಅರ್ಮಿದಾ. ಅವಳು ಬಾಲ್ಕನಿಯಲ್ಲಿ ಕಾಲು ಚಾಚಿ ಕೂತಿದ್ದಳು. ಎದುರಿಗೆ ಸಮುದ್ರವಿತ್ತು. "ಹಾಗಾದ್ರೆ ದೊತ್ತೋರೆಗೆ ಬರಿ. ಕ್ರಮ ಬಿಡ್ಬಾರ್ದು."

ಒತ್ತಾವಿಯೊ ರಿಜಿಸ್ಟರ್ಡ್ ಅಂಚೆಯಲ್ಲಿ ಬರೆದ. ಸೆಪ್ಟೆಂಬರ್ ನಾಲ್ಕಕ್ಕೆ ಸಭೆ ಕರೆಯಲಾಯಿತು. ಈ ಸಲ ಬೆಳಿಗ್ಗೆ ಆರರ ಮೊದಲ ಸಭೆಗೆ ಏಳೂ ಮನೆಯವರು, ಒಬ್ಬರ ಮೇಲೊಬ್ಬರು ಕಣ್ಣಿಟ್ಟು, ಐದೂಮುಕ್ಕಾಲಿಗೇ ಬಂದು ಕೂತಿದ್ದರು. ತ್ರೆಸ್ಪಿದಿಯೂ ಬರಬೇಕಾಯಿತು. ಹೀಗಾಗಿ ವಿಫಲವಾಗಲು ಒಂದು ಸಭೆ ಇಲ್ಲದಾಗಿ, ಇನ್ನು ಮೇಲೆ ಮೊದಲ ಸಭೆಗೆ ಮೊದಲು, ಐದು ಗಂಟೆಗೆ, ಯಾರೂ ಬಾರದ ಸಭೆಯೊಂದನ್ನು ಇಡಲು ಸರ್ವಾನುಮತದಿಂದ ಒಪ್ಪಲಾಯಿತು.

ಆಮೇಲೆ ವಿಷಯಕ್ಕೆ ಬಂದರು. ಗೆತ್ಸಿಯವರ ಜಾಗದಲ್ಲಿ ಈಗ ಈಜುಕೊಳವಿತ್ತು. ದೆಲ್ಫೀನಾ ಎದ್ದು ನಿಂತು, ರೈಲು ಪರಿಸರಕ್ಕೆ ಒಳ್ಳೆಯದು, ಅವರು ಮನೆಯವರೆಗೂ ರೈಲಿನಲ್ಲೇ ಬರಲಿ, ಕಾರು ಫಿದೆಂಜಾದಲ್ಲೇ ಇರಲಿ ಎಂದಳು. ಮಾಲ್ವಿಚೀನಿಯ ಕಾರು ಬೂದು ಬಣ್ಣದ್ದು, ಪಾರಿವಾಳಗಳ ಕೃಪೆಯಿಂದ ಈಗ ಅದು ಗೊತ್ತಾಗುತ್ತಿರಲಿಲ್ಲ. ಅವನು ಎದ್ದು ನಿಂತು, ಕಾರಿನಷ್ಟು ಸ್ವಾತಂತ್ರ್ಯ ಬೇರೆ ಯಾವುದರಲ್ಲಿದೆ ಎಂದು ಕೇಳಿದ. ರೈಲಿಗೆ ನಾನೂರ ನಲವತ್ತೊಂದು, ಕಾರಿಗೆ ನಾನೂರ ನಲವತ್ತೊಂದು. ಗೆತ್ಸಿಯವರ ನೂರ ಹದಿನೆಂಟು ಗೈರುಹಾಜರು. ತಾಂತ್ರಿಕ ಸಮಿತಿಯನ್ನು ಮತ್ತೆ ನೇಮಿಸಲಾಯಿತು. ಅದು ಊಟಕ್ಕೆ ಹೊರಟಿತು.

ನಡಾವಳಿಯ ಪ್ರತಿ ಮೊಹರಿನೊಂದಿಗೆ ತೊರ್ರೆ ಸಬೆಲ್ಲಾಗೆ ಬಂತು. ಒತ್ತಾವಿಯೊ ಅದನ್ನು ಗೋಡೆಗೆ ಅಂಟಿಸಿ, ಲಿದಿಯಾಳ ಅಡುಗೆಮನೆಯ ಕಪಾಟಿನ ಬಾಗಿಲು ರಿಪೇರಿ ಮಾಡಲು ಶುರುಮಾಡಿದ. ಅಂಗಡಿಯವರು, ಮೀನಿನವಳು, ಚರ್ಚಿನ ಪಾದ್ರಿ, ಯಾರು ಕೇಳಿದರೂ ಅವನದು ಒಂದೇ ಉತ್ತರ, ಸಭೆ ಇನ್ನೂ ತೀರ್ಮಾನಿಸಿಲ್ಲ ಎಂದು. ಅವರು ಅರ್ಥವಾಯಿತೆಂದು ತಲೆದೂಗುತ್ತಾರೆ. ಅವರಿಗೂ ಒಂದೊಂದು ಕಟ್ಟಡವಿದೆ.

ಅರ್ಮಿದಾ ಪ್ರತಿದಿನ ಬೆಳಿಗ್ಗೆ ಆರಕ್ಕೆ ಅಕ್ಕನ ಜೊತೆ ಸಮುದ್ರಕ್ಕೆ ಇಳಿಯುತ್ತಾಳೆ. ಆ ಹೊತ್ತಿಗೆ ಅಲ್ಲಿ ಬೇರೆ ಯಾರೂ ಬರುವುದಿಲ್ಲ.