ಸೀನುವ ಮುನ್ನ ಒಂದು ಪ್ರಕಟಣೆ

ಸೀನು ಯಾರಿಗೂ ಹೇಳಿ ಕೇಳಿ ಬರುವುದಿಲ್ಲ ಎಂದು ನೀವು ನಂಬಿದ್ದರೆ, ನೀವು ನಮ್ಮ ಮಾವನವರನ್ನು ನೋಡಿಲ್ಲ ಎಂದೇ ಅರ್ಥ. ಅವರು ಸೀನುವ ಮೊದಲು ಪ್ರಕಟಣೆ ಹೊರಡಿಸುತ್ತಿದ್ದರು.

ಆ ಶನಿವಾರ ಬೆಳಿಗ್ಗೆಯೂ ಹಾಗೆಯೇ ಆಯಿತು. ಅಮೆರಿಕದ ಸನ್ನಿವೇಲಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ನಾನು ದೋಸೆ ಹುಯ್ಯುತ್ತಿದ್ದೆ. ಮಾವನವರು ಚಟ್ನಿಯ ಒಗ್ಗರಣೆಗೆ ಒಣಮೆಣಸಿನಕಾಯಿ ಹಾಕಿ, ಮೂಗು ಹಿಡಿದುಕೊಂಡು, ನನ್ನ ಮಗಳ ಕೋಣೆಯ ಕಡೆ ತಿರುಗಿದರು.

"ಪ್ರಯಾಣಿಕರ ಗಮನಕ್ಕೆ. ತಾತನ ಮೂಗಿನಿಂದ ಹೊರಡುವ ಸೀನು ಕೆಲವೇ ಕ್ಷಣಗಳಲ್ಲಿ ಅಡುಗೆಮನೆಗೆ ಬರಲಿದೆ."

ಒಳಗಿನಿಂದ ಎಂಟು ವರ್ಷದ ಇಂಚರ "ರೆಡಿ, ತಾತ" ಎಂದಳು. ಎರಡೂ ಕೈ ಕಿವಿಯ ಮೇಲಿಟ್ಟುಕೊಂಡಿದ್ದಾಳೆ ಎಂದು ಅದರ ಅರ್ಥ. ಆಮೇಲೆಯೇ ಅವರು ಸೀನಿದರು. ಅಷ್ಟು ಹೊತ್ತು ಆ ಸೀನನ್ನು ಎಲ್ಲಿ ನಿಲ್ಲಿಸಿಕೊಂಡಿದ್ದರೋ ದೇವರಿಗೇ ಗೊತ್ತು.

ಮನೆಯಲ್ಲಿ ಎಲ್ಲವೂ ಮಾಮೂಲಾಗಿದ್ದ ಕೊನೆಯ ದಿನ ಅದು.

ಮಾವನವರು ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಮೈಕಿನ ಮುಂದೆ ಕುಳಿತು, ಯಾವ ಬಸ್ಸು ಎಲ್ಲಿಗೆ ಹೊರಡುತ್ತದೆ ಎಂದು ಹೇಳಿ ಹೇಳಿಯೇ ನಿವೃತ್ತರಾದವರು. ಅತ್ತೆ ತೀರಿಕೊಂಡ ಮೇಲೆ ನಮ್ಮ ಜೊತೆ ಇರಲು ಬಂದರು. ಇಲ್ಲಿ ಅವರಿಗೆ ಮೈಕೂ ಇರಲಿಲ್ಲ, ಕೂಗಿ ಕಳಿಸಲು ಬಸ್ಸೂ ಇರಲಿಲ್ಲ. ಮೊಮ್ಮಗಳಿದ್ದಳು.

ಇಂಚರಳಿಗೆ ಸದ್ದು ಆಗದು. ಹೆಸರಿಡುವಾಗ ನಮಗೇನು ಗೊತ್ತಿತ್ತು? ಮಿಕ್ಸಿ, ವ್ಯಾಕ್ಯೂಮು, ರೆಸ್ಟ್‌ರೂಮಿನಲ್ಲಿ ಕೈ ಒಣಗಿಸುವ ಯಂತ್ರ, ಇವೆಲ್ಲ ನಮಗೆ ಬರೀ ಸದ್ದು. ಅವಳ ಮೈಗೆ ಹೊಡೆತದ ಹಾಗೆ ತಾಗುತ್ತವೆ. ಅಂಗಿಯ ಕಾಲರಿನ ಚೀಟಿ ಚುಚ್ಚುತ್ತದೆ. ಓದಲು ಕೂತರೆ ಪಕ್ಕದವರ ಪೆನ್ಸಿಲಿನ ಸದ್ದೇ ಅಕ್ಷರಗಳನ್ನೆಲ್ಲ ಓಡಿಸಿಬಿಡುತ್ತದೆ. "ಇದು ಹಟ ಅಲ್ಲ. ದೊಡ್ಡ ಸದ್ದು ಬರುವ ಮೊದಲು ಹೇಳಿ, ಅವಳು ಸಿದ್ಧಳಾಗುವವರೆಗೆ ಕಾಯಿರಿ" ಎಂದು ಥೆರಪಿಸ್ಟ್ ಹೇಳಿದಾಗ ನಾವೆಲ್ಲ ತಲೆಯಾಡಿಸಿದೆವು. ಮಾವನವರು ಅದನ್ನು ವ್ರತವಾಗಿ ಹಿಡಿದರು.

ಕುಕ್ಕರಿನ ಸೀಟಿಗೆ ಪ್ರಕಟಣೆ. ಫ್ಲಶ್ಶಿಗೆ ಪ್ರಕಟಣೆ. ಹಪ್ಪಳ ಮುರಿಯುವುದಕ್ಕೂ ಪ್ರಕಟಣೆ. ಕುಕ್ಕರು ಸತಾಯಿಸಿದರೆ, "ತಾಂತ್ರಿಕ ಕಾರಣಗಳಿಂದ ಎರಡನೇ ಸೀಟಿ ತಡವಾಗಿ ಬರಲಿದೆ. ಅಡಚಣೆಗಾಗಿ ವಿಷಾದಿಸುತ್ತೇವೆ" ಎಂದು ಕ್ಷಮೆ ಬೇರೆ. ಒಮ್ಮೆ ನನ್ನ ಗಂಡ ಮನೆಯಿಂದಲೇ ಆಫೀಸಿನ ಮೀಟಿಂಗಿನಲ್ಲಿ ಏನೋ ಗಂಭೀರವಾಗಿ ಹೇಳುತ್ತಿದ್ದಾಗ, ಹಿಂದಿನಿಂದ ಮಿಕ್ಸಿಯ ಆಗಮನದ ಸುದ್ದಿ ಮೊಳಗಿತು.

"ಅಪ್ಪಾ, ಮೀಟಿಂಗಲ್ಲಿದೀನಿ."

"ಅದನ್ನ ನೀನು ಮೊದ್ಲೇ ಅನೌನ್ಸ್ ಮಾಡ್ಬೇಕಿತ್ತು ಕಣೋ."

ಅಂಗಿಯ ಚೀಟಿಗಳ ಕಥೆಯೂ ಅಷ್ಟೆ. ಮೊಮ್ಮಗಳದ್ದು ಕತ್ತರಿಸಲು ಕೂತವರು ಮನೆಮಂದಿಯೆಲ್ಲರದ್ದೂ ಕತ್ತರಿಸಿದರು. ಅಂಗಡಿಗೆ ವಾಪಸ್ ಕೊಡಲೆಂದು ತೆಗೆದಿಟ್ಟಿದ್ದ ನನ್ನ ಹೊಸ ಜಾಕೆಟ್ಟೂ ಉಳಿಯಲಿಲ್ಲ. "ನಿಂಗೂ ಚುಚ್ತಿರುತ್ತೆ ಕಣಮ್ಮ, ನೀನು ಹೇಳ್ಕೊಳ್ಳಲ್ಲ ಅಷ್ಟೆ" ಎಂದರು. ಬೇಡದ ಆ ಜಾಕೆಟ್ಟನ್ನು ಇವತ್ತಿಗೂ ಹಾಕುತ್ತಿದ್ದೇನೆ. ಚುಚ್ಚುವುದಿಲ್ಲ, ಅದು ನಿಜ.

ದೇವಸ್ಥಾನದಲ್ಲಿ ಮಂಗಳಾರತಿಯ ಗಂಟೆಗೆ ಹೆದರಿ ಇಂಚರ ಪಾರ್ಕಿಂಗ್ ಲಾಟಿನಲ್ಲೇ ಉಳಿಯುತ್ತಿದ್ದಳು. ಮಾವನವರು ಸೀದಾ ಭಟ್ಟರ ಹತ್ತಿರ ಹೋದರು.

"ಗಂಟೆ ಹೊಡೆಯೋಕೆ ಮುಂಚೆ ಒಂದ್ಸಲ ನನ್ನ ಕಡೆ ನೋಡಿ ಸ್ವಾಮಿ."

"ದೇವರ ಕಡೆ ನೋಡೋದು ಬಿಟ್ಟಾ?"

"ದೇವರಿಗೆ ಅಭ್ಯಾಸ ಆಗಿದೆ. ಇವಳಿಗೆ ಇನ್ನೂ ಆಗಿಲ್ಲ."

ಮುಂದಿನ ವಾರ ಭಟ್ಟರು ಗಂಟೆಯನ್ನು ಎತ್ತಿ ಹಿಡಿದು ಕಾದರು. ಪ್ರಕಟಣೆಯಾಯಿತು. ಇಂಚರಳ ಜೊತೆ ಅರ್ಧ ಭಕ್ತಾದಿಗಳೂ ಕಿವಿ ಮುಚ್ಚಿಕೊಂಡರು. ಅವಳು ಮೊದಲ ಸಲ ಒಳಗೆ ನಿಂತು ತೀರ್ಥ ತೆಗೆದುಕೊಂಡದ್ದು ಅಂದೇ.

ಸ್ಕೂಲಿನಲ್ಲಿ ಫೈರ್ ಡ್ರಿಲ್ಲಿನ ಅಲಾರಂ ಒಮ್ಮೆಲೇ ಬಡಿದುಕೊಂಡ ದಿನ ಮಾತ್ರ ನಮಗೆ ನಗು ಬರಲಿಲ್ಲ. ಇಂಚರ ಮೇಜಿನ ಕೆಳಗೆ ಸೇರಿದವಳು ಹೊರಗೆ ಬರಲಿಲ್ಲ. ಮಾರನೆಯ ದಿನದಿಂದ ಸ್ಕೂಲಿನ ಗೇಟು ದಾಟಲಿಲ್ಲ. ಅವಳು ಇನ್ನು ಓದುತ್ತಾಳೋ ಇಲ್ಲವೋ ಎಂದು ನಾನು ಕಂಗಾಲಾದೆ. ಅವಳು ಒಳಗೆ ಬರಲೊಪ್ಪದ್ದರಿಂದ ಟೀಚರು ಗೇಟಿನ ಹೊರಗಿನ ಬೆಂಚಿನ ಮೇಲೆಯೇ ನಮ್ಮೆಲ್ಲರನ್ನೂ ಕೂರಿಸಿಕೊಂಡು "ಮನೆಯಲ್ಲಿ ನೀವು ಏನು ಮಾಡುತ್ತೀರಿ?" ಎಂದು ಕೇಳಿದರು. ಮಾವನವರು ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ಪೂರ್ತಿ ಕನ್ನಡದಲ್ಲಿ ಮಾಡಿ ತೋರಿಸಿದರು. ಟೀಚರಿಗೆ ಒಂದಕ್ಷರ ಅರ್ಥವಾಗಲಿಲ್ಲ. ಆದರೆ ಇಂಚರಳ ಕೈ ತಾನಾಗಿ ಕಿವಿಗೆ ಹೋದದ್ದನ್ನು, ಹೆಗಲು ಸಡಿಲವಾದದ್ದನ್ನು ಆಕೆ ನೋಡಿದರು. ಇನ್ನು ಹೇಳದೆ ಅಲಾರಂ ಹೊಡೆಯುವುದಿಲ್ಲ ಎಂದು ಆಕೆ ಮಾತು ಕೊಟ್ಟ ಮೇಲೆ ಇಂಚರ ಮತ್ತೆ ಸ್ಕೂಲಿಗೆ ಹೋದಳು. ಮುಂದಿನ ಡ್ರಿಲ್ಲಿಗೆ ಮೊದಲು ಟೀಚರು ಅವಳ ಪಕ್ಕ ಬಂದು ಕೂತು, "ಪ್ರಯಾನೀಕರಾ ಗಮಾನಕೆ" ಎಂದರಂತೆ. ಇಂಚರ ಆ ಕನ್ನಡಕ್ಕೆ ನಗುತ್ತಲೇ ಕಿವಿ ಮುಚ್ಚಿಕೊಂಡು, ಎಲ್ಲರ ಜೊತೆ ಸಾಲಿನಲ್ಲಿ ಹೊರಗೆ ನಡೆದಳಂತೆ.

ಆ ಶನಿವಾರದ ಮಾರನೆಯ ಬೆಳಿಗ್ಗೆ ಮಾವನವರು ಏಳಲಿಲ್ಲ. ಮುಟ್ಟಿದರೆ ಮೈ ಆಗಲೇ ತಣ್ಣಗಾಗಿತ್ತು. ಆದರೂ ನನ್ನ ಗಂಡ ಆಂಬುಲೆನ್ಸಿಗೆ ಫೋನ್ ಮಾಡಿದರು. ದೂರದಲ್ಲಿ ಸೈರನ್ ಕೇಳಿಸಿದಾಗ ನನಗೆ ಇಂಚರ ನೆನಪಾದಳು. ತಾತನ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಅವಳ ಮುಂದೆ ಮಂಡಿಯೂರಿ "ಪ್ರಯಾಣಿಕರ ಗಮನಕ್ಕೆ" ಎಂದೆ.

"ಆಂಬುಲೆನ್ಸಾ?" ಎಂದಳು.

"ಹೂಂ, ಪುಟ್ಟಿ."

"ಡಿಡ್ ಎನಿವನ್ ಟೆಲ್ ತಾತ?"

ಯಾರೂ ಹೇಳಿರಲಿಲ್ಲ. ಸದ್ದು ನಮ್ಮ ಬೀದಿಗೆ ತಿರುಗಿತು. ಅವಳು ತನ್ನ ಕಿವಿ ಮುಚ್ಚಿಕೊಳ್ಳಲಿಲ್ಲ. ಮಂಚದ ಹತ್ತಿರ ಹೋಗಿ, ಎರಡೂ ಕೈಗಳನ್ನು ತಾತನ ಕಿವಿಗಳ ಮೇಲಿಟ್ಟು, ಆ ಸದ್ದು ನಿಲ್ಲುವವರೆಗೆ ಹಾಗೆಯೇ ನಿಂತಿದ್ದಳು.

ಈಗ ಚಟ್ನಿಗೆ ಮಿಕ್ಸಿ ಹಾಕುವವಳು ಅವಳೇ. ಪ್ರಕಟಣೆಯೂ ಅವಳದೇ, ಥೇಟ್ ಹಾಸನದ ಬಸ್ ಸ್ಟ್ಯಾಂಡಿನ ದನಿಯಲ್ಲಿ. ನಾನೂ ಅವಳಪ್ಪನೂ "ರೆಡಿ" ಎನ್ನುತ್ತೇವೆ. ದಿನವೂ ಸ್ಕೂಲಿಗೆ ಹೋಗುತ್ತಾಳೆ. ಪ್ರತಿ ಬೆಳಿಗ್ಗೆ ಅವಳು ಗೇಟು ದಾಟುವಾಗ ಮಾವನವರಿಗೆ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ. ಸೀನನ್ನು ತಡೆದು ನಿಲ್ಲಿಸಿಕೊಳ್ಳುವುದು ಮಾತ್ರ ನಮಗೆ ಯಾರಿಗೂ ಬರಲಿಲ್ಲ. ಮನೆಯಲ್ಲಿ ಈಗ ಯಾರೂ ಹೇಳಿ ಸೀನುವುದಿಲ್ಲ.