ಗೋಧಿ ಬಣ್ಣದ ವಿಚಾರವಾಗಿ ಹಳದಿ ಪಾತರಗಿತ್ತಿಯವರಿಗೆ

ಹಲಬರ್ಗಾದ ನಮ್ಮ ಅಂಗಳಕ್ಕೆ ಹೋದ ರವಿವಾರ ಕರೆಯದೆ ದಯಮಾಡಿಸಿದ ಹಳದಿ ಪಾತರಗಿತ್ತಿಯವರ ಸನ್ನಿಧಿಗೆ,

ಮಾನ್ಯರೇ,

ಹೆಸರು ಹೆಣ್ಣಿನದಾದರೂ ತಾವು ಗಂಡೆಂಬುದನ್ನು ಬಲ್ಲ, ಭಾಲ್ಕಿಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಶಶಿಕಲಾ ಮಾಡುವ ಶರಣು ಶರಣಾರ್ಥಿಗಳು. ತಮ್ಮ ರೆಕ್ಕೆಯ ಪುಡಿ ಉದುರದಿರಲಿ, ತಮಗೆ ಹೂವಿನ ಬರ ಬಾರದಿರಲಿ.

ಅಂದು ನನ್ನನ್ನು ನೋಡಲು ಔರಾದಿನಿಂದ ನಂದಕುಮಾರ ಎಂಬವರು ಮನೆಯವರ ಜೊತೆ ಬಂದಿದ್ದರು. ನಾನು ಚಹಾ ಕೊಟ್ಟು ಕೂತದ್ದೇ ತಡ, ತಾವು ನನ್ನ ಹಳದಿ ಸೀರೆಯನ್ನು ಸ್ವಜಾತಿಯ ಕನ್ಯೆಯೆಂದು ಭ್ರಮಿಸಿ ನೆರಿಗೆಯ ಸುತ್ತ ಮೂರು ಪ್ರದಕ್ಷಿಣೆ ಹಾಕಿದಿರಿ. ಎಲ್ಲರ ಕಣ್ಣೂ ತಮ್ಮ ಬೆನ್ನು ಹತ್ತಿ ಸೀರೆಯ ಮೇಲೆ, ಸೀರೆಯಿಂದ ನನ್ನ ಕೈಗಳ ಮೇಲೆ ಬಿದ್ದವು. ನನ್ನ ಅವ್ವ ಗುರಮ್ಮ ಪರಿಚಯ ಪತ್ರದಲ್ಲಿ 'ಗೋಧಿ ಬಣ್ಣ' ಎಂದು ಬರೆಸಿದ್ದಳು. ವರನ ಸೋದರಮಾವ ಹಾವಗೆಪ್ಪನವರೋ, ಬೀದರಿನ ಗಾಂಧಿ ಗಂಜಿನ ಧಾನ್ಯದ ಪೇಟೆಯಲ್ಲಿ ಮೂವತ್ತು ವರ್ಷ ಕಾಳು ತಿಕ್ಕಿ ನೋಡಿದವರು. "ಚೀಟಿ ಮ್ಯಾಲ ಗೋಧಿ ಅಂತ ಬರದೀರಿ, ಮಾಲ್ ನೋಡಿದ್ರ ಉದ್ದು ಅದಲ್ರಿ!" ಎಂದರು. ಎಲ್ಲರೂ ನಕ್ಕರು. ನಂದಕುಮಾರ ಚಹಾದ ಬಶಿಯನ್ನೇ ನೋಡುತ್ತ ಕೂತರು. ಅವರು ನನಗೆ ಹಿಡಿಸಿದ್ದರು, ಅದಕ್ಕೇ ಸಿಟ್ಟಿಗಿಂತ ಮೊದಲು ಅಳು ಬಂತು.

ಬಣ್ಣ ನೋಡಿ ಜೋಡಿ ಆರಿಸುವ ಚಾಳಿಯನ್ನು ಲೋಕಕ್ಕೆ ಹಬ್ಬಿಸಿದವರು ತಾವೇ ಎಂಬುದು ನನ್ನ ವಿನಮ್ರ ದೂರು. ಕೆಂಪು ಪಟ್ಟೆಯವರು ಕೆಂಪು ಪಟ್ಟೆಯವರನ್ನೇ, ಬಿಳಿ ಪಟ್ಟೆಯವರು ಬಿಳಿಯವರನ್ನೇ ಬಯಸುತ್ತ ಬಯಸುತ್ತ, ಲಕ್ಷಾಂತರ ವರ್ಷಗಳಲ್ಲಿ ಒಂದೇ ಕುಲ ಎರಡು ಜೀವಜಾತಿಗಳಾಗಿ ಒಡೆಯುವುದನ್ನು ನಾನೇ ಪಾಠ ಮಾಡುತ್ತೇನೆ. ಆದರೂ ತಮ್ಮದು ಘನವಾದ ವ್ಯವಹಾರ. ದೂರದಿಂದ ಬಣ್ಣ ಕಂಡರೂ ಹತ್ತಿರ ಬಂದು ವಾಸನೆ ವಿಚಾರಿಸುತ್ತೀರಿ. ಸೀರೆಯೆಂದು ತಿಳಿದೊಡನೆ ಯಾರನ್ನೂ ನೋಯಿಸದೆ ಹೊರಟುಹೋದಿರಿ. ತಮ್ಮ ಬಳಗದ ವಿಷದ ಚಿಟ್ಟೆಗಳಲ್ಲಿ ಬೆರಕೆ ಬಣ್ಣದ ಸಂತಾನ ಹುಟ್ಟಿದರೆ ಹಕ್ಕಿ ವಿಷವೆಂದು ಗುರುತು ಹಿಡಿಯದೆ ತಿಂದುಬಿಡುತ್ತದೆ, ಆ ಹೆದರಿಕೆಗೆ ಒಂದು ಅರ್ಥವಿದೆ. ಹಾವಗೆಪ್ಪನವರ ಮೊಮ್ಮಕ್ಕಳನ್ನು ಯಾವ ಹಕ್ಕಿ ತಿನ್ನಲಿತ್ತು ಎಂಬುದು ನನಗಿನ್ನೂ ತಿಳಿದಿಲ್ಲ.

ಆದಕಾರಣ ತಾವು ಅಷ್ಟೂರಿನ ಗುಮ್ಮಟಗಳ ಬಳಿ ಸಕಲ ಚಿಟ್ಟೆಗಳ ಸಭೆ ಕರೆದು, ಒಂದೇ ಒಂದು ಹಂಗಾಮು ರೆಕ್ಕೆಯ ಬಣ್ಣ ಕೊಡವಿಟ್ಟು, ಬರಿಯ ಗುಣ ವಿಚಾರಿಸಿ ಲಗ್ನವಾಗಿ, ಅದರ ಸವಿವರ ವರದಿಯನ್ನು ಗಾಂಧಿ ಗಂಜಿಗೆ ಕಳುಹಿಸಬೇಕೆಂದು ಕೈಮುಗಿದು ಕೋರುತ್ತೇನೆ.

ಬಣ್ಣ ಮುಚ್ಚಿಡದ
ತಮ್ಮ ವಿಶ್ವಾಸಿ,
ಶಶಿಕಲಾ

ತಾ.ಕ.: ನಿನ್ನೆ ನಂದಕುಮಾರರ ಫೋನ್ ಬಂದಿತ್ತು. "ನೀವು ನಂಗ ಪಸಂದ್ ಅದೀರಿ. ಆದರ ಮಾಮಾನ ಮುಂದ ನಾ ಹ್ಯಾಂಗ ಮಾತಾಡ್ಲಿರಿ?" ಎಂದರು. ನಾನು ಹೇಳಿದೆ: "ಮಾತಾಡದ ಗಂಡು ನಮ್ಮ ಕಾಲೇಜಿನ್ಯಾಗ ಭಾಳ ಅದಾವ್ರಿ. ಗಾಜಿನ ಪೆಟ್ಟಿಗ್ಯಾಗ ಸೂಜಿ ಚುಚ್ಚಿ ಇಟ್ಟೇವಿ."