ಕಂಪನಿ ಸೆಟ್ಟು ಮತ್ತು ಮಾವನವರ ಬಲಗಾಲು

ಎಲ್ಲದಕ್ಕೂ ಮೂಲ ಮಾವನವರ ಬಲಗಾಲು.

ಮಾವನವರು ಆಯುಷ್ಯವೆಲ್ಲ ಡ್ರೈವಿಂಗ್ ಸ್ಕೂಲು ನಡೆಸಿದವರು. ಕಲಿಸುವ ಕಾರಿನಲ್ಲಿ ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕ್ ಇರುತ್ತದಷ್ಟೆ. ಅದನ್ನು ಒತ್ತಿ ಒತ್ತಿ ಊರಿನ ಅರ್ಧ ಜನರ ಜೀವ ಉಳಿಸಿದ ಕಾಲು ಅದು. ಸ್ಕೂಲು ಮುಚ್ಚಿತು, ಆ ಕಾರು ಗುಜರಿಗೆ ಹೋಯಿತು, ಕಾಲು ಮಾತ್ರ ನಿವೃತ್ತಿಯಾಗಲಿಲ್ಲ. ಅಳಿಯ ಕಾರು ಓಡಿಸುವಾಗ ಪಕ್ಕದಲ್ಲಿ ಕೂತು ಇಲ್ಲದ ಬ್ರೇಕನ್ನು ಧಡ್ಡನೆ ಒತ್ತುತ್ತಿದ್ದರು. ಆ ಸದ್ದಿಗೆ ಬೆಚ್ಚಿ ಅಳಿಯ ಇರುವ ಬ್ರೇಕನ್ನು ಒತ್ತುತ್ತಿದ್ದ. ಹಿಂದಿನ ಗಾಡಿಯವರು ಇಬ್ಬರ ವಂಶವನ್ನೂ ಸ್ಮರಿಸಿ ಮುಂದೆ ಹೋಗುತ್ತಿದ್ದರು.

ಕಾಲಿನ ಜೊತೆಗೆ ಬಾಯಿ ಬೇರೆ. “ಕ್ಲಚ್ಚು... ಕ್ಲಚ್ಚು... ಹಾಂ, ಈಗ ಗೇರು. ಕನ್ನಡಿ ನೋಡಿದ್ರಾ? ಅದಿರೋದು ಮೀಸೆ ನೋಡ್ಕೊಳ್ಳೋಕಲ್ಲ ಅಳಿಯಂದ್ರೇ!”

ನೀರಿನ ಬಿಲ್ಲಿನ ಆಫೀಸಿನಲ್ಲಿ ಗುಮಾಸ್ತನಾದ ಅಳಿಯ ಒಬ್ಬನೇ ಇದ್ದರೆ ತಕ್ಕಮಟ್ಟಿಗೆ ಓಡಿಸುತ್ತಿದ್ದ. ಮಾವನವರು ಪಕ್ಕದಲ್ಲಿದ್ದರೆ ಎಡ ಯಾವುದು, ಬಲ ಯಾವುದು ಎಂದು ಮರೆಯುತ್ತಿದ್ದ. ಹೋದ ಸಲ ಅವರು ಕನ್ನಡಿ ನೋಡಿ ಎಂದಾಗ ವಿಧೇಯನಾಗಿ ಕನ್ನಡಿ ನೋಡಿದ, ಎದುರಿಗಿದ್ದ ಐಸ್‌ಕ್ರೀಂ ಗಾಡಿಯನ್ನು ನೋಡಲಿಲ್ಲ. ಆ ದಿನ ಬೀದಿಯ ನಾಯಿಗಳೆಲ್ಲ ಅವನನ್ನು ಹರಸಿದವು.

ಇವತ್ತು ಸಂಜೆ ಅದೇ ಮಾವನವರನ್ನು ಕಿರಿಮಗಳ ಮನೆಗೆ ಬಿಟ್ಟು ಬರಬೇಕು. ಗುಡ್ಡದ ದಾರಿ, ತಿರುವಿನ ಮೇಲೆ ತಿರುವು. ಬಿಟ್ಟು ಬಂದರೆ ಮೂರು ತಿಂಗಳು ಕಾರಿನಲ್ಲಿ ಅಳಿಯನೇ ರಾಜ. ಆದರೆ ಬಿಟ್ಟು ಬರುವವರೆಗೆ ಬದುಕಿರಬೇಕಲ್ಲ! ಹೆಂಡತಿ ಮಾತ್ರ ಮೊದಲೇ ಹೇಳಿಬಿಟ್ಟಿದ್ದಳು: “ನಾನು ಬರಲ್ಲಪ್ಪ. ನಂಗೆ ಅಪ್ಪನೂ ಬೇಕು, ನೀವೂ ಬೇಕು, ನನ್ನ ಜೀವಾನೂ ಬೇಕು.”

ರಾತ್ರಿಯೆಲ್ಲ ಹೊರಳಾಡಿದ ಅಳಿಯನಿಗೆ ಬೆಳಗಿನ ಕಾಫಿ ಕುಡಿಯುವಾಗ ಉಪಾಯ ಹೊಳೆಯಿತು. ಮಾವನವರು ಸುಮ್ಮನಿರುವುದು ಒಂದೇ ಹೊತ್ತಿನಲ್ಲಿ, ತಮ್ಮ ಕಾಲದ ಹಳೆಯ ಹಾಡು ಕೇಳುವಾಗ. ಆಗ ಕಣ್ಣು ಮುಚ್ಚುತ್ತಾರೆ, ಬಾಯಿಯೂ ಮುಚ್ಚುತ್ತದೆ. ಆ ಹಾಡುಗಳೆಲ್ಲ ಹೆಂಡತಿಯ ಪೆನ್‌ಡ್ರೈವಿನಲ್ಲಿವೆ. ಕಾರಿನ ಸೆಟ್ಟು ಮಾತ್ರ ಹಳೆಯ ಕಾಲದ್ದು. ಡಿಸ್ಕ್ ಬಿಟ್ಟರೆ ರೇಡಿಯೋ, ರೇಡಿಯೋ ಬಿಟ್ಟರೆ ಡಿಸ್ಕ್. ಪೆನ್‌ಡ್ರೈವ್ ಎಂದರೆ ಅದಕ್ಕೆ ಏನೆಂದೇ ಗೊತ್ತಿಲ್ಲ.

ಹೊಸ ಸೆಟ್ಟು ಹಾಕಿಸೋಣವೆಂದರೆ, ತಮ್ಮ ಈ ಕಾರನ್ನು ಅಳಿಯನಿಗೆ ಕೊಡುವಾಗ ಮಾವನವರು ಹಾಕಿದ ಷರತ್ತು ಅಡ್ಡ ಬಂತು. “ಮಗಳನ್ನ ಹೇಗಾದ್ರೂ ನೋಡ್ಕೊಳ್ಳಿ, ಅವಳಿಗೆ ಬಾಯಿದೆ. ಕಾರಿಗಿಲ್ಲ. ಕಂಪನಿ ಫಿಟ್ಟಿಂಗ್ ಒಂದಕ್ಕೂ ಕೈ ಹಚ್ಚಬಾರದು. ಒಂದು ತೂತು ಕೂಡ ಬೀಳಬಾರದು” ಎಂದಿದ್ದರು.

ಅಳಿಯ ಆಫೀಸಿಗೆ ರಜೆ ಹೇಳಿ ವೈರಿಂಗ್ ಮೇಸ್ತ್ರಿಗೆ ಫೋನ್ ಮಾಡಿದ. ಹಳೆಯ ಸೆಟ್ಟಿನ ಬೆನ್ನಿಗೆ ಒಂದು ಪುಟ್ಟ ಪೆಟ್ಟಿಗೆ ಕೂರಿಸಿದರೆ ಸಾಕು, ಅದರೊಳಗಿನ ಪೆನ್‌ಡ್ರೈವನ್ನು ಸೆಟ್ಟು ಡಿಸ್ಕೆಂದೇ ನಂಬಿ ಹಾಡುತ್ತದೆ, ಹೊರಗೆ ಏನೂ ಕಾಣುವುದಿಲ್ಲ ಎಂದು ಮೇಸ್ತ್ರಿ ಹೇಳಿದ. “ಸೆಟ್ಟಿಗೆ ಟೋಪಿ ಹಾಕೋದು ಅಷ್ಟೇ ಸಾರ್. ಒಂದು ಗಂಟೇಲಿ ಬರ್ತೀನಿ.”

ಆ ಒಂದು ಗಂಟೆ ಸುಮ್ಮನೆ ಕೂತಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಎದುರುಮನೆಯಲ್ಲಿ ವಿಡಿಯೊ ಪಂಡಿತ ಇದ್ದ. ಲೋಕದ ಯಾವ ಕೆಲಸವನ್ನೂ ಅವನು ಮಾಡಿರಲಿಲ್ಲ, ಎಲ್ಲದರ ವಿಡಿಯೊ ನೋಡಿದ್ದ. ಕಾರಿನ ಬಾಗಿಲು ತೆರೆದದ್ದು ಕಂಡದ್ದೇ ತಡ, ಬನಿಯನ್‌ನಲ್ಲೇ ಓಡಿ ಬಂದ.

“ಇಷ್ಟಕ್ಕೆಲ್ಲ ಮೇಸ್ತ್ರಿ ಯಾಕ್ರೀ? ಅವನು ಬರೋಷ್ಟರಲ್ಲಿ ಬಿಚ್ಚಿ ಇಟ್ಟಿರೋಣ. ಮೊದ್ಲು ಬ್ಯಾಟರಿ ವೈರ್ ತೆಗೀಬೇಕು, ವಿಡಿಯೋದಲ್ಲಿ ಹಾಗೇ ತೆಗೀತಾರೆ. ಒಂದು ಚಮಚ ತನ್ನಿ.”

“ಚಮಚ ಯಾಕೆ?”

“ಮೀಟೋಕೆ.”

ಬ್ಯಾಟರಿಯ ವೈರು ಕಳಚಿ ಬಂತು. ಪಂಡಿತ ಸೆಟ್ಟಿನ ಅಂಚಿಗೆ ಚಮಚ ತೂರಿಸಿ, ಹಲ್ಲು ಕಚ್ಚಿ ಮೀಟಿದ. ಟಪ್ ಎಂದಿತು. ಸೆಟ್ಟು ಕದಲಲಿಲ್ಲ, ಅದರ ದುಂಡನೆಯ ತಿರುಪು ಮುರಿದು ಅಳಿಯನ ತೊಡೆಯ ಮೇಲೆ ಬಂದು ಕೂತಿತು. ಆನ್, ಆಫ್, ಜೋರು, ಮೆತ್ತಗೆ ಎಲ್ಲಕ್ಕೂ ಇದ್ದದ್ದು ಅದೊಂದೇ ತಿರುಪು.

“ವಿಡಿಯೋದಲ್ಲಿ ಹೀಗಾಗಲಿಲ್ಲ” ಎಂದ ಪಂಡಿತ, ತಪ್ಪು ಕಾರಿನದೇ ಎನ್ನುವಂತೆ.

ಮೇಲಿನ ಕಿಟಕಿಯಿಂದ ಮಾವನವರ ದನಿ ಬಂತು. “ಏನ್ ನಡೀತಿದೆ ಅಲ್ಲಿ?”

“ಧೂಳು ಒರೆಸ್ತಿದೀವಿ ಮಾವ!” ಅಳಿಯ ತಿರುಪನ್ನು ಜೇಬಿಗೆ ಇಳಿಸಿದ.

ಅಷ್ಟರಲ್ಲಿ ಮೇಸ್ತ್ರಿ ಬಂದ, ಚಮಚ ನೋಡಿದ, ಪಂಡಿತನನ್ನೂ ನೋಡಿದ. ಬ್ಯಾಟರಿಯ ವೈರನ್ನು ಮತ್ತೆ ಸಿಕ್ಕಿಸಿದ. ಸೆಟ್ಟಿನ ಪರದೆ ಹೊತ್ತಿಕೊಂಡು ‘ಕೋಡ್’ ಎಂದು ಮಿಟುಕಿಸತೊಡಗಿತು.

“ಮುಗೀತು” ಎಂದ ಮೇಸ್ತ್ರಿ. “ಕಂಪನಿ ಸೆಟ್ಟಿಗೆ ಕರೆಂಟ್ ಹೋದ್ರೆ ಯಾರೋ ಕಳ್ಳ ಕಿತ್ಕೊಂಡ ಅಂತ ತಿಳ್ಕೊಂಡು ಬೀಗ ಹಾಕ್ಕೊಂಡುಬಿಡತ್ತೆ. ನಂಬರ್ ಒತ್ತಬೇಕು. ಯಾರಿಗ್ ಗೊತ್ತು ನಂಬರು?”

ಅಳಿಯ ತಲೆಯೆತ್ತಿ ಕಿಟಕಿ ನೋಡಿದ.

“ಕಾರಿನ ನಂಬರ್ ಒತ್ತಿ ನೋಡಿ” ಎಂದ ಪಂಡಿತ. ಒತ್ತಿದರು, ಆಗಲಿಲ್ಲ. “ನಿಮ್ಮ ಮದುವೆ ಇಸವಿ?” ಎಂದ. ಅದೂ ಆಗಲಿಲ್ಲ. “ಇನ್ನೊಂದ್ಸಲ ತಪ್ಪಿದ್ರೆ ಪೂರ್ತಿ ಸತ್ತೋಗತ್ತೆ” ಎಂದು ಮೇಸ್ತ್ರಿ ಕೈ ಕಟ್ಟಿ ನಿಂತ. ಎತ್ತು ಏರಿಗೆ, ಕೋಣ ನೀರಿಗೆ. ನಡುವೆ ಅಳಿಯನ ಪ್ರಾಣ ಹರಿದು ಹೋಗುತ್ತಿತ್ತು.

ಕೊನೆಗೆ ಅವನೇ ಮೆಟ್ಟಿಲು ಹತ್ತಿ, ಮಾವನವರ ಮುಂದೆ ತಲೆ ತಗ್ಗಿಸಿ ನಿಂತ. ತಿರುಪಿನ ಸಂಗತಿ ನುಂಗಿಕೊಂಡು ಉಳಿದದ್ದನ್ನು ಒಪ್ಪಿಸಿದ. “ನಿಮಗೆ ದಾರೀಲಿ ಹಳೇ ಹಾಡು ಕೇಳಿಸೋಣ ಅಂತ... ತೂತು ಗೀತು ಏನೂ ಇಲ್ಲ ಮಾವ...”

ಈಗ ಗುಡುಗುತ್ತಾರೆ ಎಂದು ಕಣ್ಣು ಮುಚ್ಚಿದ. ಮಾವನವರು ಗುಡುಗಲಿಲ್ಲ. ಕಾರಿನ ತನಕ ಇಳಿದು ಬಂದು, ತಾವೇ ಕೂತು ನಂಬರು ಒತ್ತಿದರು. ಸೆಟ್ಟು ಬೀಗ ಬಿಚ್ಚಿತು. ತಿರುಪು ಇರಬೇಕಾದ ಜಾಗಕ್ಕೆ ಅಳಿಯ ಒರೆಸುವ ಬಟ್ಟೆ ಹಿಡಿದುಕೊಂಡೇ ಇದ್ದ.

“ಅಲ್ಲಪ್ಪ, ನೀವು ಹಾಕೋ ಪೆಟ್ಟಿಗೆ ಹಾಡು ಮಾತ್ರ ಹೇಳತ್ತೋ, ಮಾತೂ ಹೇಳತ್ತೋ?” ಎಂದು ಮೇಸ್ತ್ರಿಯನ್ನು ಕೇಳಿದರು.

“ಯಾವ ಫಾರ್ಮ್ಯಾಟ್ ಬೇಕಾದ್ರೂ ಕೊಡಿ ಯಜಮಾನ್ರೇ! ಹಾಡು, ಮಾತು, ಕೆಮ್ಮು, ಗೊರಕೆ, ಏನ್ ತುಂಬಿದ್ರೂ ಹೇಳತ್ತೆ.”

“ಓಹೋ” ಎಂದು ಮಾವನವರು ಒಳಗೆ ಹೋಗಿ ಕೋಣೆಯ ಬಾಗಿಲು ಹಾಕಿಕೊಂಡರು. ಅಳಿಯನಿಗೆ ಅವರ ಬೈಗುಳ ಅಭ್ಯಾಸವಿತ್ತು. ಈ ಶಾಂತಿ ಅಭ್ಯಾಸವಿರಲಿಲ್ಲ.

ಮೇಸ್ತ್ರಿ ಪೆಟ್ಟಿಗೆ ಕೂರಿಸಿ ಪೆನ್‌ಡ್ರೈವ್ ಸಿಕ್ಕಿಸಿದ. ಸೆಟ್ಟು ಒಂದು ಸಲ ಗುರ್ ಎಂದು ಸುಮ್ಮನಾಯಿತು.

“ಏನ್ರೀ, ಯಾವ ಫಾರ್ಮ್ಯಾಟ್ ಆದ್ರೂ ಅಂದ್ರಿ?”

“ಇದೊಂದು ಬಿಟ್ಟು ಸಾರ್.”

ಹೆಂಡತಿ ಪೆನ್‌ಡ್ರೈವ್ ತೆಗೆದುಕೊಂಡು ಹಾಡುಗಳನ್ನು ಕಂಪ್ಯೂಟರಿನಲ್ಲಿ ಬದಲಾಯಿಸಲು ಒಳಗೆ ಹೋದಳು. ಹೋದವಳು ಬರಲೇ ಇಲ್ಲ. ಅಳಿಯ ಮೇಲೆ ಕೆಳಗೆ ಓಡಾಡಿದ. ಊಟಕ್ಕೆ ಕೂತ, ಎದ್ದ, ಮತ್ತೆ ಕೂತ. ಮಾವನವರ ಕೋಣೆಯಿಂದ ಗೊಣಗಾಟ ಕೇಳುತ್ತಿತ್ತು. ನಡುನಡುವೆ ‘ಛೆ, ಮತ್ತೆ ಮೊದಲಿಂದ’ ಎಂಬ ಮಾತು. ನನ್ನನ್ನು ಬೈಯುವುದಕ್ಕೆ ತಾಲೀಮು ಮಾಡುತ್ತಿದ್ದಾರೆ ಎಂದುಕೊಂಡ. ಹೆಂಡತಿ ಆ ಕೋಣೆಗೆ ಹೋಗಿ ಬಂದು ಮಾಡುತ್ತಿದ್ದಳು.

“ಏನೇ ಅದು?”

“ಅಪ್ಪನ ಬಟ್ಟೆ ಜೋಡಿಸ್ತಿದೀನಿ ರೀ. ಹಾಡು ಅಲ್ಲಿಗೆ ತಲುಪೋವರೆಗೆ ಸಾಕಂತೆ, ಜಾಸ್ತಿ ತುಂಬಬೇಡ ಅಂದ್ರು.”

“ಪಾಪ, ನಮ್ಮ ಮಾವ ಯಾವತ್ತೂ ಜಾಸ್ತಿ ಕೇಳಿದವರಲ್ಲ” ಎಂದು ಅಳಿಯನ ಮನಸ್ಸು ಕರಗಿತು.

ಉಳಿದದ್ದು ಮುರಿದ ತಿರುಪು. ಗೋಂದು ಹಿಡಿಯಲಿಲ್ಲ, ಅಂಟು ಹಿಡಿಯಲಿಲ್ಲ. ಆಗ ಮೇಲ್ಮನೆಯ ಹಲ್ಲಿನ ಡಾಕ್ಟರು ಇಳಿದು ಬಂದರು. ಬೀದಿಯಲ್ಲಿ ಯಾರಿಗೆ ಏನೇ ಮುರಿದರೂ ಅವರಿಗೆ ಕೈ ತುರಿಸುತ್ತಿತ್ತು. ಪುಟ್ಟ ಕನ್ನಡಿ ಹಿಡಿದು ಸೆಟ್ಟಿನೊಳಗೆ ಬಗ್ಗಿ ನೋಡಿ, “ಬೇರು ಗಟ್ಟಿಯಾಗಿದೆ, ಕ್ಯಾಪ್ ಕೂರಿಸಬಹುದು” ಎಂದರು.

“ಸೌಂಡ್ ಎಷ್ಟು ಜೋರಿಗೆ ಕೂರಿಸಲಿ?” ಎಂದು ಮೇಸ್ತ್ರಿ ಇಕ್ಕುಳದಲ್ಲಿ ಬುಡ ತಿರುಗಿಸುತ್ತ ಕೇಳಿದ.

“ಇನ್ನೂ ಜೋರು” ಎಂದ ಅಳಿಯ. ಮಾವನವರ ಬಾಯಿ ಅವನಿಗೆ ಗೊತ್ತಿತ್ತು. “ಇನ್ನೂ ಸ್ವಲ್ಪ.”

ಡಾಕ್ಟರು ಹಲ್ಲಿನ ಸಿಮೆಂಟು ಕಲಸಿ ತಿರುಪನ್ನು ಅಂಟಿಸಿ, ಒತ್ತಿ ಹಿಡಿದರು. “ಇನ್ನು ಈ ಜನ್ಮದಲ್ಲಿ ಅಲ್ಲಾಡಲ್ಲ. ಸಂಜೆವರೆಗೆ ಬಿಸಿ ಏನೂ ತಗೋಬೇಡಿ” ಎಂದರು, ರೂಢಿಯಂತೆ.

ಹೆಂಡತಿ ಕೊನೆಗೂ ಪೆನ್‌ಡ್ರೈವ್ ತಂದುಕೊಟ್ಟಳು. ಮೇಸ್ತ್ರಿ ಅದನ್ನು ಪೆಟ್ಟಿಗೆಯೊಳಗೆ ಇಟ್ಟು, ಸೆಟ್ಟು ಮುಚ್ಚಿ, ತಿರುಪಾಣಿ ಬಿಗಿದ. ಹಾಡು ಹೊಮ್ಮಿತು. ಪಂಡಿತ ಚಮಚದಲ್ಲೇ ತಾಳ ಹಾಕಿದ.

“ಕೇಳಿ ಸಾರ್, ತೂತು ಬೇಡ ಅಂದಿದ್ದಕ್ಕೆ ಪೆನ್‌ಡ್ರೈವ್ ಒಳಗೇ ಇರತ್ತೆ. ಕಾರ್ ಸ್ಟಾರ್ಟ್ ಆದ್ರೆ ತಾನೇ ಹಾಡತ್ತೆ, ಆಫ್ ಮಾಡಿದ್ರೆ ನಿಲ್ಲತ್ತೆ, ಆಮೇಲೆ ನಿಲ್ಲಿಸಿದಲ್ಲಿಂದ್ಲೇ ಶುರು. ಸೆಟ್ಟಿನ ಮುಂದಿರೋ ಬಟನ್‌ಗಳೆಲ್ಲ ಇನ್ಮೇಲೆ ಶೋಕಿಗೆ. ನಾನು ನಾಳೆಯಿಂದ ತಂಗಿ ಮನೆಗೆ ಹೋಗ್ತಿದೀನಿ, ಬರೋದು ತಡ.”

“ನಿಲ್ಲೋದು ಯಾರಿಗ್ರೀ ಬೇಕು! ಹಾಡ್ತಾನೇ ಇರಲಿ!” ಎಂದ ಅಳಿಯ. ಅಂಥ ಮಾತಾಡುವಾಗ ಹಲ್ಲಿ ಲೊಚಗುಟ್ಟಬೇಕಿತ್ತು, ಲೊಚಗುಟ್ಟಲಿಲ್ಲ.

ಸಂಜೆ ಹೊರಟರು. ಮೊದಲ ಹಾಡಿಗೇ ಮಾವನವರ ಕಣ್ಣು ಮುಚ್ಚಿತು. ಬಲಗಾಲು ಒಮ್ಮೆ ಎದ್ದಿತು. ಅಳಿಯನ ಜೀವ ಬಾಯಿಗೆ ಬಂತು. ಕಾಲು ಮೆಲ್ಲಗೆ ತಾಳ ಹಾಕಿತು. ತಿರುವಿನ ಮೇಲೆ ತಿರುವು ಬಂದರೂ ಒಂದು ಮಾತಿಲ್ಲ. ಅಳಿಯ ಕ್ಲಚ್ಚನ್ನು ತಾನೇ ಒತ್ತಿದ, ಗೇರನ್ನು ತಾನೇ ಹಾಕಿದ, ಒಂದು ಲಾರಿಯನ್ನೂ ಹಿಂದೆ ಹಾಕಿದ! ಇಷ್ಟು ಚೆನ್ನಾಗಿ ಓಡಿಸುತ್ತೇನೆಂದು ಅವನಿಗೇ ಗೊತ್ತಿರಲಿಲ್ಲ. ಖುಷಿಗೆ ಕಣ್ಣು ತುಂಬಿ ಬಂತು. ಇಂಥ ಮಾವನನ್ನು ಇಷ್ಟು ದಿನ ಶಪಿಸಿದೆನಲ್ಲ ಎಂದು ನಾಚಿಕೆಯೂ ಆಯಿತು.

ಕಿರಿಮಗಳ ಮನೆ ಮುಂದೆ ಇಳಿದ ಮಾವನವರು ಕಿಟಕಿಗೆ ಬಗ್ಗಿದರು. “ಇವತ್ತು ಒಂದು ಮಾತೂ ಆಡಲಿಲ್ಲ, ಗಮನಿಸಿದ್ರಾ?”

“ಗಮನಿಸಿದೆ ಮಾವ” ಎಂದ ಅಳಿಯ.

“ಆ ಐಸ್‌ಕ್ರೀಂ ಗಾಡಿ ಆದಾಗಿಂದ ನಂಗೆ ನಿದ್ದೆ ಇಲ್ಲ ಅಳಿಯಂದ್ರೇ. ನಾನು ಮೂರು ತಿಂಗಳು ಇಲ್ಲ ಅಂದ್ರೆ ನಿಮ್ಮ ಗತಿ ಏನು ಅಂತ. ಈಗ ಆ ಚಿಂತೆ ಇಲ್ಲ. ಹುಷಾರಾಗಿ ಹೋಗಿ.” ಅವರ ಕಣ್ಣೂ ಒದ್ದೆಯಾಗಿತ್ತು.

ಅಳಿಯ ಕಾರು ತಿರುಗಿಸಿದ. ಪಕ್ಕದ ಸೀಟು ಖಾಲಿ. ಮೂರು ತಿಂಗಳು ಖಾಲಿ! ಕಿಟಕಿ ಇಳಿಸಿ, ಮೊಣಕೈ ಹೊರಗಿಟ್ಟು, ಹಾಡಿಗೆ ದನಿ ಸೇರಿಸಿದ. ಗುಡ್ಡದ ಮೊದಲ ತಿರುವಿನಲ್ಲಿ ಕೊನೆಯ ಹಾಡು ಮುಗಿಯಿತು. ಟಿಕ್ ಎಂದಿತು. ಯಾರೋ ಗಂಟಲು ಸರಿಮಾಡಿಕೊಂಡರು.

“ಹಾಂ. ಶುರು ಆಯ್ತೇನಮ್ಮ? ಮಾತಾಡ್ಲಾ?... ಅಳಿಯಂದ್ರೇ, ಮೊದಲನೇ ಪಾಠ. ಮೊಣಕೈ ಒಳಗಿಡಿ.”

ಅಳಿಯನ ಕಾಲು ತಾನಾಗಿಯೇ ಬ್ರೇಕಿಗೆ ಹೋಯಿತು. ಹಿಂದಿನ ಲಾರಿಯವನು ಅವನ ವಂಶವನ್ನು ಸ್ಮರಿಸಿದ. ಹೋದೆಯಾ ಪಿಶಾಚಿ ಎಂದರೆ ಬಂದೆ ಗವಾಕ್ಷಿಯಲ್ಲಿ! ಅಳಿಯ ತಿರುಪು ಹಿಡಿದು ತಿರುಗಿಸಿದ. ಹಲ್ಲಿನ ಸಿಮೆಂಟು ಅಲ್ಲಾಡಲಿಲ್ಲ. ಎರಡು ಬೆರಳಿನಲ್ಲಿ ಹಿಡಿದು ಜಗ್ಗಿದ. ಕಂಡ ಕಂಡ ಬಟನ್ ಒತ್ತಿದ. ಮಾವನವರು ಜೋರಾಗಿ, ಇನ್ನೂ ಸ್ವಲ್ಪ ಜೋರಾಗಿ, ನಾಲ್ಕೂ ಸ್ಪೀಕರಿನಿಂದ ಮಾತಾಡಿದರು:

“ಸೆಟ್ಟಿನ ಮೇಲಿಂದ ಕೈ ತೆಗೀರಿ. ರಸ್ತೆ ನೋಡಿ. ಕ್ಲಚ್ಚು... ಕ್ಲಚ್ಚು...”